ಮುಖವೊಂದೇ ಸಾಕು

ಕೆರೆಯಾಚೆ ದಿಬ್ಬದ ಮೇಲಿದ್ದ ಬಂಗಲೆಯನ್ನು ಮುನಿಗಂಗಮ್ಮ ಇಪ್ಪತ್ತಾರು ವರ್ಷದಿಂದ ನೋಡುತ್ತಲೇ ಬಂದಿದ್ದಳು. ಕೆಂಪಾಪುರಕ್ಕೆ ಸೊಸೆಯಾಗಿ ಬಂದ ಮಾರನೆಯ ಬೆಳಗ್ಗೆ, ಸಗಣಿ ಮಂಕರಿ ಹೊತ್ತು ತಿಪ್ಪೆಯ ಕಡೆ ಹೋದಾಗ ಮೊದಲು ಕಣ್ಣಿಗೆ ಬಿದ್ದದ್ದೇ ಅದು. ಬಿಳಿ ಗೋಡೆ, ಕೆಂಪು ಹೆಂಚು, ಮಹಡಿಯಲ್ಲಿ ಸಾಲಾಗಿ ಏಳು ಕಿಟಕಿ. ಬ್ರಿಟಿಷರ ಕಾಲದಲ್ಲಿ ದಂಡು ಪ್ರದೇಶದ ಕಡೆ ಮರದ ವ್ಯಾಪಾರ ಮಾಡುತ್ತಿದ್ದ ಸಾಹುಕಾರನೊಬ್ಬ ಕಟ್ಟಿಸಿದ್ದಂತೆ. ಸುತ್ತ ಆಳೆತ್ತರದ ಕಾಂಪೌಂಡು, ಒಳಗೆ ನಾಯಿಗಳು, ತಮಿಳು ಮಾತಾಡುವ ಅಡುಗೆಯವರು. ಊರಿನವರಿಗೂ ಬಂಗಲೆಗೂ ಇದ್ದ ನಂಟು ಗೇಟಿನವರೆಗೆ ಮಾತ್ರ. ಹುಲ್ಲು ಬೇಕೆಂದಾಗ ಹುಲ್ಲು, ಹಾಲು ಬೇಕೆಂದಾಗ ಹಾಲು ಗೇಟಿನಲ್ಲಿಳಿಸಿ ಬರುವುದು.

ಕೊನೆಗಾಲದಲ್ಲಿ ಅಲ್ಲಿದ್ದದ್ದು ಆ ಸಾಹುಕಾರನ ಮೊಮ್ಮಗಳು, ಮದುವೆಯಾಗದ ಹೆಂಗಸು. ಆಕೆಗೆ ಚಿತ್ರದ ಹುಚ್ಚು. ಎಲ್ಲೆಲ್ಲಿಂದಲೋ ಚಿತ್ರ ಬರೆಯುವವರನ್ನು ಕರೆಸಿ ತಿಂಗಳುಗಟ್ಟಲೆ ಇರಿಸಿಕೊಳ್ಳುತ್ತಿದ್ದಳು. ಆಕೆ ತೀರಿಕೊಂಡ ಮೇಲೆ ಒಂದು ಟ್ರಸ್ಟಿನವರು ಬಂದು, ನಾಯಿಗಳನ್ನು ಸಾಗಹಾಕಿ, ಗೋಡೆಗೆ ಸುಣ್ಣ ಬಳಿಸಿ, ಇದ್ದ ಚಿತ್ರಗಳನ್ನೆಲ್ಲ ತೂಗುಹಾಕಿ ಮ್ಯೂಸಿಯಂ ಮಾಡಿದರು. ಅದಾಗಿ ಎರಡು ವರ್ಷ. ಭಾನುವಾರಗಳಲ್ಲಿ ಪಟ್ಟಣದಿಂದ ಕಾರುಗಳು ಬರುತ್ತಿದ್ದವು. ಊರಿನವರು ಮಾತ್ರ ಯಾರೂ ಹೋಗಿರಲಿಲ್ಲ. ಹೋಗಬಾರದೆಂದು ಯಾರೂ ಹೇಳಿರಲಿಲ್ಲ, ಹೋಗಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ, ಅಷ್ಟೆ.

ಮೊದಲು ಒಳಹೊಕ್ಕವನು ಬ್ಯಾಟರಾಯಪ್ಪ. ಅವನಿಗೆ ಅಲ್ಲಿ ತೋಟದ ಮಾಲಿಯ ಕೆಲಸ ಸಿಕ್ಕಿತ್ತು. ಒಂದು ದಿನ ಗೋಡೆಗೆ ಏಣಿ ಹಿಡಿಯಲು ಒಳಗೆ ಕರೆದರಂತೆ. ಆ ಸಂಜೆಯೇ ಅವನು ನೆಟ್ಟಗೆ ನರಸಿಂಹಯ್ಯನ ಮನೆಗೆ ಬಂದ. ಜಗಲಿಯ ಮೇಲೆ ಕೂರದೆ, ನಿಂತೇ ಹೇಳಿದ:

"ನರಸಿಂಹಣ್ಣ, ನಿಮ್ಮಣ್ಣ ಅವ್ನೆ ಕಣಣ್ಣ ಅಲ್ಲಿ. ಮಾಡಿ ಮ್ಯಾಲೆ. ಚಿತ್ರದಾಗೆ."

ಒಳಗೆ ಅಲಸಂದೆಕಾಯಿ ಸುಲಿಯುತ್ತಿದ್ದ ಮುನಿಗಂಗಮ್ಮನಿಗೆ ಮೊದಲ ಮಾತಷ್ಟೇ ಕೇಳಿಸಿತು. ಕೈ ನಿಲ್ಲಲಿಲ್ಲ. ಇನ್ನೊಂದು ಕಾಯಿ ಬಿಡಿಸಿದಳು, ಅದರೊಳಗೆ ಹುಳ ಇತ್ತು, ಆಚೆಗೆ ಎಸೆದಳು. ಆಮೇಲೆ "ಚಿತ್ರದಾಗೆ" ಎಂಬುದೂ ಕೇಳಿಸಿತು.

ನರಸಿಂಹಯ್ಯನ ಅಣ್ಣ ಚಿಕ್ಕಮುನಿಯಪ್ಪ ಮುನಿಗಂಗಮ್ಮನ ಗಂಡ. ಎಪ್ಪತ್ತೊಂದನೇ ಇಸವಿ, ರಾಗಿ ಕಟಾವಾದ ಮೇಲೆ, ಯಶವಂತಪುರದ ಸಂತೆಗೆ ಹೋಗಿಬರುತ್ತೇನೆಂದು ಹೋದವನು ಬಂದಿರಲಿಲ್ಲ. ಎತ್ತುಗಳನ್ನು ಗೂಟಕ್ಕೆ ಕಟ್ಟಿ, ಹುಲ್ಲು ಹಾಕಿ, ನೀರು ಕುಡಿಸಿಯೇ ಹೋಗಿದ್ದ. ಜಗಳವೇನೂ ಇರಲಿಲ್ಲ. ಜಗಳ ಇದ್ದಿದ್ದರೆ ಕೇಳಿದವರಿಗೆ ಹೇಳಲು ಒಂದು ಮಾತಾದರೂ ಇರುತ್ತಿತ್ತು. ಮಕ್ಕಳಿರಲಿಲ್ಲ. ಹಾಗೆಂದು ಹೋದನೆಂದರೆ, ಮಕ್ಕಳಿಲ್ಲದವರು ಊರಲ್ಲಿ ಇನ್ನೂ ಮೂರು ಮನೆಯವರಿದ್ದರು, ಅವರ್ಯಾರೂ ಹೋಗಿರಲಿಲ್ಲ. ಮೊದಲ ಎರಡು ವರ್ಷ ನರಸಿಂಹಯ್ಯ ತುಮಕೂರು, ತಿರುಪತಿ, ಸೇಲಂ ಎಂದು ಹುಡುಕಿದ. ಆಮೇಲೆ ನಿಲ್ಲಿಸಿದ. ಮುನಿಗಂಗಮ್ಮ ಕುಂಕುಮ ಇಡುವುದನ್ನೂ ನಿಲ್ಲಿಸಲಿಲ್ಲ, ಹಸೆಗೆ ಆರತಿ ಎತ್ತಲೂ ಹೋಗಲಿಲ್ಲ. ಯಾರೂ ಕರೆಯುತ್ತಿರಲಿಲ್ಲ, ಯಾರೂ ಬೇಡವೆನ್ನುತ್ತಲೂ ಇರಲಿಲ್ಲ. ಹೊಲದ ಕೆಲಸ ಇತ್ತು, ಮಾಡಿದಳು.

ಅವನು ಹೋದ ಮೂರನೆಯ ವರ್ಷ ಬಾವಿಗೆ ಕರೆಂಟು ಬಂತು. ಅವನಿದ್ದಾಗ ಅಲ್ಲಿ ಕಪಿಲೆ ಇತ್ತು, ಎರಡೆತ್ತು ಹೂಡಿ ನೀರೆತ್ತುತ್ತಿದ್ದದ್ದು. ಕಪಿಲೆ ಕಿತ್ತು, ಅದರ ಮರದಲ್ಲೇ ಬಾಗಿಲು ಮಾಡಿಸಿ, ಮಂಗಳೂರು ಹೆಂಚು ಹೊದಿಸಿ, ಮೋಟರಿಗೆ ಒಂದು ಪಂಪ್‌ಮನೆ ಕಟ್ಟಿದರು. ಬಾಗಿಲಿಗೆ ನೀಲಿ ಬಣ್ಣ ಬಳಿದವಳು ಮುನಿಗಂಗಮ್ಮನೇ. ಅದರ ಮರುವರ್ಷ ಕಲ್ಲುಕಂಬ ನಿಲ್ಲಿಸಿ ದ್ರಾಕ್ಷಿ ಚಪ್ಪರ ಹಾಕಿದರು. ಮೋಟರು ಕದಿಯುವವರ ಕಾಟ ಸುತ್ತಲೆಲ್ಲ ಇದ್ದುದರಿಂದ ಪಂಪ್‌ಮನೆಯ ಬೀಗದ ಕೈ ಯಾವಾಗಲೂ ಅವಳ ಸೊಂಟದಲ್ಲೇ. ಅದರ ಬಾಗಿಲು ತೆರೆದಿದೆಯೆಂದರೆ ಮುನಿಗಂಗಮ್ಮ ಒಳಗಿದ್ದಾಳೆ ಎಂದೇ ಅರ್ಥ, ಊರಿಗೆಲ್ಲ ಗೊತ್ತು. ಅವಳನ್ನು ಹುಡುಕಿಕೊಂಡು ಬರುವವರು ಕೆರೆ ಏರಿಯ ಮೇಲಿಂದಲೇ ಬಾಗಿಲು ನೋಡಿ, ನೀಲಿ ಕಂಡರೆ ವಾಪಸು ಹೋಗುತ್ತಿದ್ದರು, ತೆರೆದ ಬಾಗಿಲೊಳಗಿನ ಕಪ್ಪು ಕಂಡರೆ ಇಳಿದು ಬರುತ್ತಿದ್ದರು.

ಈಗ ನರಸಿಂಹಯ್ಯನ ಮಗಳಿಗೆ ಮದುವೆ ಗೊತ್ತಾಗಿತ್ತು. ಸೋಲದೇವನಹಳ್ಳಿ ಕಡೆಯ ಗಂಡು. ಮದುವೆಗೆ ಮುಂಚೆ ಮನೆಯ ಸತ್ತ ಹಿರಿಯರನ್ನೆಲ್ಲ ಹೆಸರು ಹಿಡಿದು ಕರೆದು ಎಡೆ ಇಡಬೇಕು. ಅಲ್ಲಿ ಬಂದು ನಿಂತಿತ್ತು ತೊಡಕು. ಚಿಕ್ಕಮುನಿಯಪ್ಪನನ್ನು ಕರೆಯುವುದೋ ಬಿಡುವುದೋ? ಸತ್ತಿದ್ದು ಕರೆಯದಿದ್ದರೆ ಹಸಿದ ಹಿರಿಯ ಮದುವೆ ಮನೆಯ ಬಾಗಿಲಲ್ಲಿ ನಿಂತಂತೆ. ಬದುಕಿದ್ದು ಕರೆದರೆ, ಮುನಿಗಂಗಮ್ಮನ ಅತ್ತೆ ಹೇಳುತ್ತಿದ್ದಂತೆ, "ಉಸ್ರಾಡೋನ್ನ ಎಡೆಗೆ ಕರುದ್ರೆ ಅವ್ನ ಎಡೆ ಅವ್ನೇ ಉಂಡಂಗೆ. ವರ್ಸ ತುಂಬಾಕಿಲ್ಲ." ಹನ್ನೆರಡು ವರ್ಷ ಕಳೆದರೆ ಹುಲ್ಲಿನ ಬೊಂಬೆ ಮಾಡಿ ಸುಟ್ಟು ಕರ್ಮ ಮುಗಿಸಬಹುದು ಎಂದು ಜೋಯಿಸರು ಹೇಳಿದ್ದರು. ಆದರೆ ಹೆಂಡತಿಯಾದವಳು ಒಪ್ಪಬೇಕು.

ನರಸಿಂಹಯ್ಯ ಬಲವಂತ ಮಾಡುವ ಜಾತಿಯವನಲ್ಲ. ತಿಂಗಳಿಗೊಮ್ಮೆ ಎಂಬಂತೆ ಮಾತು ತೆಗೆಯುತ್ತಿದ್ದ. "ಅತ್ತಿಗೆ, ನೀವು ಊ ಅನ್ನೋಗಂಟ ನಾನು ಏನೂ ಮಾಡಾಕಿಲ್ಲ" ಎನ್ನುತ್ತಿದ್ದ. ಅವಳು ಹೂಂ ಎಂದೂ ಅನ್ನುತ್ತಿರಲಿಲ್ಲ, ಉಹೂಂ ಎಂದೂ ಅನ್ನುತ್ತಿರಲಿಲ್ಲ. ಅನ್ನಲು ಒಳಗೆ ಏನಾದರೂ ಇರಬೇಕಲ್ಲ. ಹಣೆಯ ಕುಂಕುಮ ಅಳಿಸಿದರೆ ಏನಾಗುತ್ತದೆ, ಉಳಿಸಿದರೆ ಏನಾಗುತ್ತದೆ ಎಂದು ಯೋಚಿಸಲು ಕೂತರೆ ಅವಳಿಗೆ ನಿದ್ದೆ ಬರುತ್ತಿತ್ತು.

ಬ್ಯಾಟರಾಯಪ್ಪನ ಸುದ್ದಿ ಬಂದದ್ದು ಇಂಥ ಹೊತ್ತಿನಲ್ಲಿ. ಚಿಕ್ಕಮುನಿಯಪ್ಪನದು ಒಂದು ಫೋಟೋ ಕೂಡ ಇರಲಿಲ್ಲ. ಹಿಂದೆ ಎಡೆಗೆ ಕಳಸ ಸಾಕಿತ್ತು. ಯಲಹಂಕದಲ್ಲಿ ಖಾದರ್ ಬಾಷಾ ಸ್ಟುಡಿಯೋ ಇಟ್ಟ ಮೇಲೆ ಊರಿನ ಪ್ರತಿ ಮನೆಯಲ್ಲೂ ಎಡೆಗೆ ಫೋಟೋ, ಫೋಟೋಕ್ಕೆ ಗಂಧದ ಹಾರ. ಇಲ್ಲದ ಮನೆಯವರು ಏನೋ ಮುಚ್ಚಿಟ್ಟವರಂತೆ ಕಾಣುತ್ತಿದ್ದರು.

"ಬಂಗಲೆಗೆ ಹುಲ್ಲು ಆಕಾಕೆ ಓಗ್ತಿದ್ನಲ್ಲ, ಆವಾಗ ಯಾರೋ ಕುಂಡ್ರುಸ್ಕೊಂಡು ಬರ್ದವ್ರೆ" ಎಂದು ನರಸಿಂಹಯ್ಯ ತೀರ್ಮಾನಿಸಿದ. "ಓಗಿ ನೋಡಾನ ಅತ್ತಿಗೆ. ಅವ್ನೇ ಅಂತ ನೀವು ಏಳಿದ್ರೆ ಖಾದರ್ ಕೈಲಿ ಒಂದು ಫೋಟೋ ತೆಗುಸ್ಕೊಳಾನ. ಆಮ್ಯಾಕೆ ನಿಮ್ಮಿಷ್ಟ."

ಅವಳು "ಓಗಾನ" ಎಂದಳು. ಹನ್ನೆರಡು ವರ್ಷದಲ್ಲಿ ಈ ವಿಷಯವಾಗಿ ಅವಳಾಡಿದ ಮೊದಲ ಮಾತು ಅದು.

ಭಾದ್ರಪದದ ಒಂದು ಬುಧವಾರ ಹೋದರು. ಬುಧವಾರ ಜನ ಇರುವುದಿಲ್ಲವೆಂದು ಬ್ಯಾಟರಾಯಪ್ಪ ಹೇಳಿದ್ದ. ಚಿತ್ರದ ಫೋಟೋ ತೆಗೆಯಲು ಟ್ರಸ್ಟಿನವರ ಕೈಕಾಲು ಹಿಡಿದು ಒಂದು ಚೀಟಿಯನ್ನೂ ಬರೆಸಿಕೊಂಡು ಬಂದಿದ್ದ. ನರಸಿಂಹಯ್ಯ ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟಿದ್ದ. ಖಾದರ್ ಬಾಷಾ ಲೂನಾದಲ್ಲಿ ಬಂದು ಏರಿಯ ಮೇಲೆ ಸೇರಿಕೊಂಡ. ಹೆಗಲಿಗೆ ಕ್ಯಾಮರಾ ಚೀಲ, ಕಂಕುಳಲ್ಲಿ ಮೂರು ಕಾಲಿನ ಸ್ಟ್ಯಾಂಡು. ತಲೆಯ ಮೇಲೆ ಯಲಹಂಕದ ವಿಮಾನಗಳು ಸುತ್ತು ಹಾಕುತ್ತಿದ್ದವು, ಕಲಿಯುವವರ ಚಿಕ್ಕ ವಿಮಾನಗಳು. ಯಾರೂ ತಲೆಯೆತ್ತಲಿಲ್ಲ.

ಬಂಗಲೆಯ ಮೆಟ್ಟಿಲ ಕೆಳಗೆ ಮೂವರೂ ಚಪ್ಪಲಿ ಬಿಟ್ಟರು. ಒಳಗಿನಿಂದ ಬಂದ ಗುಮಾಸ್ತ ಅದನ್ನು ನೋಡಿ ನಕ್ಕ. ಅವನ ಹೆಸರು ಮುರಿಗೆಪ್ಪ. ಗದಗಿನ ಕಡೆಯವನು, ಟ್ರಸ್ಟಿನವರ ಜೊತೆಗೇ ಎರಡು ವರ್ಷದ ಹಿಂದೆ ಬಂದವನು.

"ಏ ಹಾಕ್ಕೊಂಡ ಬರ್ರೀ ಯಜಮಾನ್ರ. ಗುಡಿ ಅಲ್ರೀ ಇದು."

"ಇರ್ಲಿ ಬುಡಿ ಸೋಮಿ" ಎಂದ ನರಸಿಂಹಯ್ಯ. "ದೊಡ್ಡೋರ ಮನೆ."

"ದೊಡ್ಡೋರು ಹೋಗಿ ಎಷ್ಟೋ ದಿನಾ ಆತು. ಈಗ ನಾನ ದೊಡ್ಡಾಂವ ಇಲ್ಲೆ" ಎಂದು ಮುರಿಗೆಪ್ಪ ಮತ್ತೆ ನಕ್ಕ. ಚೀಟಿ ತೆಗೆದುಕೊಂಡು ಓದಿದ. "ತಿಥಿಗೇನ್ರೀ ಫೋಟೋ? ಆತು, ತಗೀರಿ. ಆದ್ರ ಫ್ಲ್ಯಾಶ್ ಹಾಕಬ್ಯಾಡ್ರಿ, ಬಣ್ಣಾ ಹೊಕ್ಕಾವಂತ."

ಒಳಗೆ ಕಾಲಿಟ್ಟಾಗ ಮುನಿಗಂಗಮ್ಮನಿಗೆ ಮೊದಲು ತಿಳಿದದ್ದು ನೆಲದ ತಂಪು. ಕಪ್ಪು ಬಿಳಿ ಕಲ್ಲಿನ ಚೌಕಗಳು, ಉಜ್ಜಿ ಉಜ್ಜಿ ನೀರಿನ ಹಾಗಾಗಿದ್ದವು. ಅಂಗಾಲಿನಿಂದ ಹತ್ತಿದ ಆ ತಂಪು ಮೊಣಕಾಲಿನವರೆಗೆ ಬಂದು ಅಲ್ಲೇ ನಿಂತುಕೊಂಡಿತು. ದೊಡ್ಡ ಹಜಾರ. ಕಂಬಗಳು ಒಬ್ಬರು ತಬ್ಬಿದರೆ ಕೈ ಸಿಗದಷ್ಟು ದಪ್ಪ. ಗೋಡೆಯ ತುಂಬ ಚಿನ್ನದ ಬಣ್ಣದ ಕಟ್ಟಿನೊಳಗೆ ಚಿತ್ರಗಳು. ಮೀಸೆಯ ಮೇಲೆ ಕೈಯಿಟ್ಟ ಸಾಹುಕಾರ, ಅವನ ಹೆಂಡತಿ, ಹೆಂಡತಿಯ ಮಡಿಲಲ್ಲಿ ನಾಯಿ. ಒಂದು ತಟ್ಟೆಯಲ್ಲಿ ಮಾವಿನಹಣ್ಣು. ಮುನಿಗಂಗಮ್ಮ ಅದರ ಮುಂದೆ ತುಸು ನಿಂತಳು. ಬಣ್ಣವೆಲ್ಲ ಹಳದಿಯೇ, ಆದರೆ ತೊಟ್ಟಿನ ಹತ್ತಿರ ಹೆಗಲು ತುಂಬಿರಲಿಲ್ಲ. ಬಲಿಯದ ಕಾಯಿ ಕಿತ್ತು ಹುಲ್ಲಿನಲ್ಲಿ ಹಣ್ಣಿಗೆ ಹಾಕಿದ್ದು. ಹುಳಿ ಇರುತ್ತದೆ, ಅಂದುಕೊಂಡಳು.

ಮಹಡಿ ಮೆಟ್ಟಿಲ ತಿರುವಿನಲ್ಲಿ ಬಟ್ಟೆಯಿಲ್ಲದ ಹೆಂಗಸಿನ ಬಿಳಿ ಕಲ್ಲಿನ ಗೊಂಬೆಯೊಂದಿತ್ತು. ನರಸಿಂಹಯ್ಯ ತಟ್ಟನೆ ಗೋಡೆಯ ಕಡೆ ತಿರುಗಿ, ಅಲ್ಲಿ ಏನೂ ಇಲ್ಲದಿದ್ದರೂ ಅದನ್ನೇ ನೋಡುತ್ತ ಹತ್ತಿದ.

"ಏನ್ ಯಜಮಾನ್ರೇ, ಗೋಡೇಲಿ ಬಿರುಕು ಬಿಟ್ಟೈತಾ?" ಎಂದ ಖಾದರ್ ಬಾಷಾ.

"ಸುಮ್ಕೆ ಅತ್ತಯ್ಯ. ಇಂದೆ ಎಂಗಸ್ರವ್ರೆ."

"ಅಮ್ಮ ನೋಡ್ಕೊಂಡೇ ಬರ್ತಾವ್ರೆ. ನಾಚ್ಕೊಳ್ತಿರೋರು ನೀವೊಬ್ರೇ."

ಮುನಿಗಂಗಮ್ಮ ನೋಡಿದ್ದು ಗೊಂಬೆಯ ಕಾಲಿನ ಬೆರಳನ್ನು. ಕಿರುಬೆರಳು ಮುರಿದಿತ್ತು. ಯಾರೋ ಸಾಮಾನು ಸಾಗಿಸುವಾಗ ತಗುಲಿಸಿರಬೇಕು.

ಮಹಡಿಯ ಉದ್ದದ ಕೋಣೆಯಲ್ಲಿ ಬಂಗಲೆಯಲ್ಲಿ ಉಳಿದುಕೊಂಡಿದ್ದವರು ಬರೆದ ಚಿತ್ರಗಳಿದ್ದವು. ಬ್ಯಾಟರಾಯಪ್ಪ ಅಲ್ಲಿಯೇ ಕೈಕಟ್ಟಿ ಕಾಯುತ್ತಿದ್ದ. ಕೋಣೆಯ ಕೊನೆಗೆ, ಎರಡು ಕಿಟಕಿಗಳ ನಡುವಿನ ಗೋಡೆ ತೋರಿಸಿದ. ಹೆಚ್ಚೂಕಡಿಮೆ ಬಾಗಿಲ ಅರ್ಧದಷ್ಟು ಎತ್ತರದ ಚಿತ್ರ. ಬೆತ್ತದ ಕುರ್ಚಿಯ ಮೇಲೆ ಒಬ್ಬ ಗಂಡಸು ಕೂತಿದ್ದ, ಎರಡೂ ಕೈ ತೊಡೆಯ ಮೇಲೆ, ನೆಟ್ಟಗೆ ಎದುರಿಗೆ ನೋಡುತ್ತ.

ನರಸಿಂಹಯ್ಯ ನಾಲ್ಕು ಹೆಜ್ಜೆ ಆಚೆಗೇ ನಿಂತುಬಿಟ್ಟ. "ಅಣ್ಣಾ" ಎಂದ. ಹಾಗೆಯೇ ಗೋಡೆಗೆ ಕೈಕೊಟ್ಟು ಅಳತೊಡಗಿದ. ಐವತ್ತು ಸಮೀಪಿಸಿದ ಗಂಡಸು, ಇಸ್ತ್ರಿ ಪಂಚೆಯ ಚುಂಗಿನಲ್ಲಿ ಮೂಗು ಒರೆಸಿಕೊಂಡು ಅಳುವುದನ್ನು ನೋಡಿ ಮುರಿಗೆಪ್ಪ ಕಿಟಕಿಯಾಚೆ ತಿರುಗಿದ.

ಮುನಿಗಂಗಮ್ಮ ಹತ್ತಿರ ಹೋದಳು. ಮುಖ ನೋಡಿದಳು. ಯಾರೋ ಒಬ್ಬ ಮನುಷ್ಯನ ಮುಖ. ಅವಳು ಕಾದಳು. ತನ್ನೊಳಗೆ ಏನಾದರೂ ಮೇಲಕ್ಕೆ ಬರಬಹುದು, ಬಂದರೆ ಬರಲಿ ಎಂದು ಬಾವಿಯ ಮೇಲೆ ಬಗ್ಗಿ ನಿಂತವರ ಹಾಗೆ ಕಾದಳು. ಏನೂ ಬರಲಿಲ್ಲ. ಮನೆಯಲ್ಲಿ ಹದಿನಾಲ್ಕು ವರ್ಷ ಜೊತೆಗೆ ಬಾಳಿದವನ ಮುಖ ಅವಳಿಗೆ ಹೀಗೆಯೇ ಎಂದು ನೆನಪಿರಲಿಲ್ಲ. ನೆನಪಿದ್ದದ್ದು ಬಿಡಿಬಿಡಿಯಾಗಿ. ಊಟಕ್ಕೆ ಕೂತಾಗಿನ ಬೆನ್ನು. ಹಿಮ್ಮಡಿಯ ಬಿರುಕು. ಎಡಗಿವಿ.

ಎಡಗಿವಿ ನೋಡಿದಳು. ಒಂಟಿ ಹಾಕಿದ್ದ ಕಿವಿ ಹೋರಿಯ ಕೊಂಬಿಗೆ ಸಿಕ್ಕಿ ಹರಿದು, ಹಾಲೆ ಎರಡಾಗಿಯೇ ಮಾಯ್ದದ್ದು. ಚಿತ್ರ ಬರೆದವನು ಅದನ್ನೂ ಬಿಟ್ಟಿರಲಿಲ್ಲ.

"ಅತ್ತಿಗೆ" ಎಂದ ನರಸಿಂಹಯ್ಯ, ದೂರದಿಂದಲೇ. "ಔದೋ ಅಲ್ವೋ?"

ಅವಳ ಕಣ್ಣು ಕಿವಿಯಿಂದ ಕೆಳಗಿಳಿದಿತ್ತು. ಅಂಗಿ ನೋಡುತ್ತಿದ್ದಳು. ಕಾಲರಿನ ಅಂಗಿ, ಅವನದಲ್ಲ. ಅವನ ಎರಡು ಅಂಗಿಯನ್ನೂ ಅವಳೇ ಒಗೆಯುತ್ತಿದ್ದಳು. ಕೃತಾವಿನ ಹತ್ತಿರ ನರೆಕೂದಲು. ಹೋದಾಗ ಒಂದೂ ಇರಲಿಲ್ಲ. ಬಣ್ಣದವನು ಹಾಗೆ ಬಳಿದಿರಬಹುದು, ಅವರಿಗೇನು. ಅಂಗಿಯೂ ಬಂಗಲೆಯವರದೇ ಇರಬಹುದು.

ಕುರ್ಚಿಯ ಹಿಂದೆ, ಅವನ ಬಲ ಹೆಗಲ ಮೇಲುಗಡೆ, ಚಿತ್ರದಲ್ಲೊಂದು ಕಿಟಕಿ ಇತ್ತು. ಕಿಟಕಿಯಾಚೆ ನೀರು. ನೀರಿನಾಚೆ ಏರಿ, ಏರಿಯ ಕೆಳಗೆ ಹಸಿರು. ಹೊಲದವಳಿಗೆ ತನ್ನ ಹೊಲವನ್ನು ಯಾರೂ ತೋರಿಸಬೇಕಾಗಿಲ್ಲ. ಒಂಟಿ ಹುಣಸೆಮರ, ಅದರ ಬಲಕ್ಕೆ ಕಲ್ಲುಕಂಬಗಳ ಸಾಲು, ಬಾಚಣಿಗೆಯ ಹಲ್ಲಿನಷ್ಟು ಸಣ್ಣದಾಗಿ. ಅದರ ಪಕ್ಕ ಹೆಬ್ಬೆರಳಿನ ಉಗುರಿನಷ್ಟು ಒಂದು ಕೆಂಪು ಹೆಂಚಿನ ಮಾಡು.

ಮುನಿಗಂಗಮ್ಮ ಇನ್ನೂ ಹತ್ತಿರ ಹೋದಳು. ಮುರಿಗೆಪ್ಪ "ಮುಟ್ಟಬ್ಯಾಡ ತಾಯಿ" ಎಂದ. ಅವಳು ಮುಟ್ಟಲಿಲ್ಲ.

ಪಂಪ್‌ಮನೆ. ಕಪಿಲೆ ಇಲ್ಲ, ಪಂಪ್‌ಮನೆ. ಅವನು ಹೋದ ಮೂರನೆಯ ವರ್ಷ ಕಟ್ಟಿದ್ದು. ಕಂಬಗಳು ಅದರ ಮರುವರ್ಷದವು. ಹಸಿರು ಕಂಬದ ತುದಿ ಮುಟ್ಟಿದೆ. ದ್ರಾಕ್ಷಿ ಬಳ್ಳಿ ಚಪ್ಪರ ಮುಟ್ಟಲು ಒಂದು ವರ್ಷವಾದರೂ ಬೇಕು.

"ಇದುನ್ನ ಯಾವಾಗ ಬರ್ದಿದ್ದು ಸೋಮಿ?" ಎಂದು ಕೇಳಿದಳು. ದನಿ ಎಷ್ಟು ಸಣ್ಣಗಿತ್ತೆಂದರೆ ಮುರಿಗೆಪ್ಪ ಬಗ್ಗಿ ಕೇಳಿಸಿಕೊಂಡ.

"ಇಲ್ಲೆ ಮೂಲ್ಯಾಗ ಹಾಕ್ಯಾರ ನೋಡ್ರಿ. ಎಪ್ಪತ್ತಾರು." ಅವನೂ ಅಷ್ಟೇ ಮೆಲ್ಲಗೆ ಹೇಳಿದ. "ಕಲ್ಕತ್ತಾದಾಂವ ಬರದದ್ದು. ಯಾರೋ ಒಬ್ಬಾಂವ ತೋಟದ ಕೆಲಸಕ್ಕಂತ ಬಂದು ಒಂದ್ ತಿಂಗಳಿದ್ದನಂತ, ಅವನ್ನ ಕೂಡಿಸಿ ಬರದಾನಂತ ಪುಸ್ತಕದಾಗ ಐತಿ. ಹೆಸರು ಬರದಿಲ್ಲ. ಕೇಳಿದ್ರ ಹೇಳಲಿಲ್ಲಂತ ಅಂವಾ."

ನರಸಿಂಹಯ್ಯ ದೂರದಲ್ಲಿ ಬ್ಯಾಟರಾಯಪ್ಪನ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದ. ಖಾದರ್ ಬಾಷಾ ಸ್ಟ್ಯಾಂಡಿನ ಕಾಲು ಎಳೆಯುತ್ತಿದ್ದ, ಅದರ ಕಿರುಗುಟ್ಟುವಿಕೆಯಲ್ಲಿ ಈ ಮಾತು ಅವರಿಗೆ ಕೇಳಿಸಲಿಲ್ಲ.

ಹೋದವನು ಐದು ವರ್ಷಕ್ಕೆ ಬಂದಿದ್ದ. ಕೆರೆಯಾಚೆಗೆ ಬಂದಿದ್ದ. ಒಂದು ತಿಂಗಳು ಇದ್ದ. ಏರಿಯ ಮೇಲೆ ನಡೆದರೆ ಅರ್ಧ ಗಂಟೆಯ ದಾರಿ. ಈ ಕೋಣೆಯಲ್ಲಿ, ಈ ಕಿಟಕಿಗೆ ಬೆನ್ನು ಹಾಕಿ, ಕೈ ತೊಡೆಯ ಮೇಲಿಟ್ಟು ಕೂತಿದ್ದ. ಕೂರುವ ಮುಂಚೆಯೂ ಎದ್ದ ಮೇಲೂ ಕಿಟಕಿಯಲ್ಲಿ ನಿಂತು ನೋಡಿರುತ್ತಾನೆ. ನೋಡದೆ ಇರಲು ಆಗುವುದಿಲ್ಲ. ಕಪಿಲೆಯ ಜಾಗದಲ್ಲಿ ಏನು ಕಟ್ಟಿದ್ದಾರೆಂದಾದರೂ ನೋಡಿರುತ್ತಾನೆ.

ಅವಳು ಮಾಡಿನ ಕೆಳಗೆ ಬಾಗಿಲನ್ನು ಹುಡುಕಿದಳು. ನೀಲಿಯಿರಬೇಕಾದ ಕಡೆ ಎಳ್ಳಿನಷ್ಟು ಕಪ್ಪು ಇತ್ತು. ಅದರ ಪಕ್ಕಕ್ಕೆ, ಹೊರಕ್ಕೆ ತೆರೆದ ಬಾಗಿಲ ಅಂಚಿನಂತೆ, ಕೂದಲೆಳೆಯಷ್ಟು ನೀಲಿ.

ಬಾಗಿಲು ತೆರೆದಿತ್ತು. ಅವಳು ಒಳಗಿದ್ದಳು.

ಆಮೇಲೆ ತಲೆಯೆತ್ತಿ ಚಿತ್ರದ ಪಕ್ಕದ ನಿಜವಾದ ಕಿಟಕಿಯ ಆಚೆ ನೋಡಿದಳು. ಅದೇ ನೀರು, ಅದೇ ಹುಣಸೆ. ಪಂಪ್‌ಮನೆಯ ಬಾಗಿಲು ನೀಲಿಯಾಗಿ ಕಾಣುತ್ತಿತ್ತು, ಬಿಸಿಲಿಗೆ ಬಣ್ಣ ಹೋಗಿ ಬೂದಿಯಾಗಿದ್ದರೂ. ಬೀಗದ ಕೈ ಸೊಂಟದಲ್ಲಿತ್ತು. ಮುಟ್ಟಿ ನೋಡಿಕೊಂಡಳು. ಕಾಲಿನ ತಂಪು ಈಗ ಸೊಂಟದವರೆಗೆ ಬಂದಿತ್ತು. ಅಳು ಬರಬಹುದೇನೋ ಎಂದು ಕಣ್ಣು ಮುಚ್ಚಿ ತೆರೆದಳು. ಸಿಟ್ಟು ಬರಬಹುದೇನೋ ಎಂದು ಹಲ್ಲು ಕಚ್ಚಿದಳು. ಹಲ್ಲು ಮಾತ್ರ ನೋಯಿತು.

ನರಸಿಂಹಯ್ಯ ಮೆಲ್ಲಗೆ ಪಕ್ಕಕ್ಕೆ ಬಂದ. ಕಣ್ಣು ಕೆಂಪಾಗಿತ್ತು. ಮುಖವನ್ನಲ್ಲದೆ ಅವನು ಬೇರೇನನ್ನೂ ನೋಡುತ್ತಿರಲಿಲ್ಲ. ನೋಡಿದ್ದರೆ ತಿಳಿಯುತ್ತಿತ್ತು, ಆ ಹೆಂಚು ಹೊದಿಸಿದವನು ಅವನೇ ಅಲ್ಲವೇ.

"ನನ್ಗೆ ಅವ್ನೇ ಅನ್ನುಸ್ತದೆ ಅತ್ತಿಗೆ. ಆದ್ರೆ ನೀವು ಏಳ್ಬೇಕು. ಬ್ಯಾಡ ಅಂದ್ರೂ ಸರಿ, ನನ್ಗೇನೂ ಬ್ಯಾಸ್ರಿಲ್ಲ. ಮದ್ವೆ ಮುಂದ್ಕಾಕಾನ. ಇನ್ನೊಂದು ವರ್ಸ ಕಾಯಾನ. ಎಲ್ಲೋ ಉಸ್ರಾಡ್ತಾ ಇದ್ರೆ? ಎಡೆ ಮಡಗಿ ನಾವೇ ಕೊಂದಂಗಾಗಬಾರ್ದು ನೋಡಿ. ನಿಮ್ ಮನ್ಸು ಏನಂತದೆ?"

ಮನಸ್ಸು ಏನೂ ಅನ್ನುತ್ತಿರಲಿಲ್ಲ. ಕಂಡದ್ದನ್ನು ಹೇಳಿಬಿಟ್ಟರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ನರಸಿಂಹಯ್ಯ ಇಲ್ಲೇ ಕುಸಿಯುತ್ತಾನೆ, ಆಮೇಲೆ ಎದ್ದು ಮತ್ತೆ ಹುಡುಕಲು ಹೊರಡುತ್ತಾನೆ. ಕಲ್ಕತ್ತಾದವನನ್ನು ಕೇಳುತ್ತಾನೆ, ಪೊಲೀಸರನ್ನು ಕೇಳುತ್ತಾನೆ. ಊರಿಗೆ ಊರೇ ಅವಳ ಜಗಲಿಗೆ ಬಂದು ಕೂರುತ್ತದೆ. ಇನ್ನೊಂದು ಹನ್ನೆರಡು ವರ್ಷ ಅವಳು ಕುಂಕುಮ ಇಡುತ್ತಾಳೆ. ಏರಿಯ ಮೇಲೆ ಯಾರಾದರೂ ನಿಂತರೆ ಕೈಯಲ್ಲಿದ್ದ ಸನಿಕೆ ಇಳಿಸಿ ನೋಡುತ್ತಾಳೆ. ಹೇಳದಿದ್ದರೆ ಹುಲ್ಲಿನ ಬೊಂಬೆ, ಬೆಂಕಿ, ಎಡೆ. ಉಸಿರಾಡುವವನನ್ನು ಕರೆದರೆ ವರ್ಷ ತುಂಬುವುದಿಲ್ಲ.

ತೆರೆದ ಬಾಗಿಲು ಕಂಡೂ ಅವನು ಏರಿಯಿಳಿದು ಬಂದಿರಲಿಲ್ಲ.

"ಅವ್ರೇ" ಎಂದಳು.

ನರಸಿಂಹಯ್ಯ ಉಸಿರು ಬಿಟ್ಟ. "ಅಂಗಾದ್ರೆ..."

"ಮಾಡ್ಬುಡಿ. ಕರ್ಮ, ಎಡೆ, ಎಲ್ಲಾನೂ. ಮೊಗೀನ ಮದ್ವೆ ಯಾಕೆ ನಿಲ್ಲಬೇಕು."

"ಅತ್ತಿಗೆ, ಬಲವಂತಕ್ಕೆ ಅನ್ಬ್ಯಾಡಿ..."

"ಇಲ್ಲ" ಎಂದಳು. "ಒಂಟೋದೋರು ಒಂಟೋದ್ರು."

ಖಾದರ್ ಬಾಷಾ ಕ್ಯಾಮರಾದ ಹಿಂದೆ ಬಗ್ಗಿದ. ಒಂದು ಕಣ್ಣು ಮುಚ್ಚಿ, ಸ್ಟ್ಯಾಂಡನ್ನು ಒಂದು ಗೇಣು ಹಿಂದಕ್ಕೆಳೆದು, "ಸೂಪರಾಗೈತೆ. ಪೂರ್ತಿ ಚಿತ್ರ ಹಿಡೀತೀನಿ. ಕುರ್ಚಿ, ಕಿಟಕಿ, ಹಿಂದ್ಗಡೆ ಸೀನರಿ, ಎಲ್ಲಾ ಬರ್ತದೆ. ದೊಡ್ಡ ಸೈಜಿಗೆ ಕಟ್ಟಾಕ್ಸಿ, ಮನೇಲಿ ನೇತಾಕಿದ್ರೆ ಲಕ್ಷಣವಾಗಿರ್ತದೆ ಯಜಮಾನ್ರೇ" ಎಂದ.

"ಬ್ಯಾಡ" ಎಂದಳು ಮುನಿಗಂಗಮ್ಮ.

ಎಲ್ಲರೂ ಅವಳ ಕಡೆ ತಿರುಗಿದರು.

"ಮುಖ ಒಂದೇ ಸಾಕು. ಕಿಟ್ಕಿ ಬ್ಯಾಡ."

"ಅಲ್ಲಮ್ಮಾ, ಕಿಟಕಿ ಇದ್ರೇನೇ ಚೆನ್ನ. ಮುಖ ಒಂದೇ ಆದ್ರೆ ರೇಷನ್ ಕಾರ್ಡ್ ಫೋಟೋ ಆಗೋಯ್ತದೆ."

"ಆಗ್ಲಿ."

ಖಾದರ್ ಬಾಷಾ ನರಸಿಂಹಯ್ಯನ ಮುಖ ನೋಡಿದ. ನರಸಿಂಹಯ್ಯ "ಅವ್ರು ಏಳಿದಂಗೆ ಮಾಡಪ್ಪ" ಎಂದ. ಮುರಿಗೆಪ್ಪ ಮಾತ್ರ ಚಿತ್ರವನ್ನೊಮ್ಮೆ, ಗೋಡೆಯ ಪಕ್ಕದ ಕಿಟಕಿಯನ್ನೊಮ್ಮೆ, ಮುನಿಗಂಗಮ್ಮನನ್ನೊಮ್ಮೆ ನೋಡಿದ. ಖಾದರ್ ಬಾಷಾ ಸ್ಟ್ಯಾಂಡನ್ನು ಮುಂದಕ್ಕೆ ತಂದ, ಇನ್ನೂ ಮುಂದಕ್ಕೆ ತಂದ. ಮೂರು ಸಲ ಟಿಕ್ ಎಂದಿತು.

ಕೆಳಗಿಳಿದು ಬರುವಾಗ ಅವಳು ಯಾವುದರ ಮುಂದೆಯೂ ನಿಲ್ಲಲಿಲ್ಲ. ಚಪ್ಪಲಿ ಬಿಸಿಲಿಗೆ ಕಾದಿತ್ತು. ಮೆಟ್ಟಿಕೊಂಡಾಗ ಆ ಬಿಸಿ ಎಷ್ಟೋ ಹೊತ್ತಿನ ಮೇಲೆ ತಿಳಿಯಿತು.

ಮಹಾಲಯ ಅಮಾವಾಸ್ಯೆಗೆ ಮುಂಚೆ ಕೆರೆಯಂಗಳದಲ್ಲಿ ಹುಲ್ಲಿನ ಬೊಂಬೆ ಸುಟ್ಟರು. ಬೊಂಬೆಗೆ ಹುಲ್ಲು ತಂದದ್ದು ಅವರದೇ ಬದುವಿನಿಂದ. ಬೇಗ ಉರಿದುಹೋಯಿತು. ಊರಿನ ಮುತ್ತೈದೆಯರು ಬಂದು ಅವಳಿಗೆ ಕೊನೆಯ ಸಲ ಅರಿಶಿನ ಕುಂಕುಮ ಇಟ್ಟು, ಬಳೆ ತೊಡಿಸಿ, ಆಮೇಲೆ ಅದನ್ನೆಲ್ಲ ತೆಗೆದರು. ನರಸಿಂಹಯ್ಯನ ಹೆಂಡತಿ ಗಂಗರತ್ನಮ್ಮ ಬಿಕ್ಕಿ ಬಿಕ್ಕಿ ಅತ್ತಳು. ಮುನಿಗಂಗಮ್ಮನೇ ಅವಳ ಬೆನ್ನು ಸವರಿ "ಸುಮ್ಕಿರೇ" ಎಂದಳು. ಕೈ ಹಗುರಾಗಿತ್ತು. ಮಣಿಕಟ್ಟಿನಲ್ಲಿ ಬಳೆ ಇದ್ದ ಕಡೆ ಬಿಳಿಯ ಗೆರೆ ಉಳಿದಿತ್ತು, ಉಳಿದ ಮೈಯೆಲ್ಲ ಬಿಸಿಲಿಗೆ ಕಪ್ಪಾದದ್ದು.

ಹನ್ನೊಂದನೆಯ ದಿನ ನಡುಮನೆಯಲ್ಲಿ ಎಡೆ ಇಟ್ಟರು. ಮಾವನ ಫೋಟೋ, ಅತ್ತೆಯ ಫೋಟೋ, ಪಕ್ಕಕ್ಕೆ ಹೊಸ ಕಟ್ಟಿನಲ್ಲಿ ಚಿಕ್ಕಮುನಿಯಪ್ಪನ ಮುಖ. ಕಿವಿಯವರೆಗೆ ಬಂದಿತ್ತು, ಹೆಗಲು ಬಂದಿರಲಿಲ್ಲ. ಹಿಂದೆ ಏನೂ ಇರಲಿಲ್ಲ. ನೋಡಲು ಬಂದವರೆಲ್ಲ ಅಚ್ಚು ಅವನೇ ಎಂದರು.

"ಬಾವುನ್ಗೆ ಏನಿಷ್ಟ ಇತ್ತಕ್ಕ?" ಎಂದು ಗಂಗರತ್ನಮ್ಮ ಎಲೆಯ ಮುಂದೆ ಕೂತು ಕೇಳಿದಳು.

"ಇಸ್ಕಿದ ಅವ್ರೆ ಬ್ಯಾಳೆ ಸಾರು" ಎಂದಳು ಮುನಿಗಂಗಮ್ಮ. ಅದು ಅವಳಿಗೆ ನೆನಪಿತ್ತು. "ಮುದ್ದೆ ಬಿಸಿ ಇರ್ಬೇಕು. ಆರಿದ್ರೆ ಮುಟ್ತಿರ್ಲಿಲ್ಲ."

ಬಿಸಿ ಮುದ್ದೆ ಇಟ್ಟರು. ಧೂಪ ಹಾಕಿದರು. ನರಸಿಂಹಯ್ಯ ಹೆಸರು ಹಿಡಿದು ಕರೆದ. ಅಪ್ಪನನ್ನು, ಅವ್ವನನ್ನು, ಆಮೇಲೆ ಅಣ್ಣನನ್ನು. ಹಿರಿಯರು ಬಂದು ಉಣ್ಣುವಾಗ ಬದುಕಿದವರ ಕಣ್ಣು ಬೀಳಬಾರದು. ಎಲ್ಲರೂ ಹೊರಗೆ ಬಂದರು, ನಡುಮನೆಯ ಬಾಗಿಲು ಮುಚ್ಚಿದರು.

ಜಗಲಿಯ ಮೇಲೆ ಕೂತರು. ನಡುಮಧ್ಯಾಹ್ನ. ಒಂದು ವಿಮಾನ ಬಂದು ಹೋಯಿತು. ಮುನಿಗಂಗಮ್ಮ ಬಾಗಿಲಿಗೆ ಬೆನ್ನು ಹಾಕಿ, ಎರಡೂ ಕೈ ತೊಡೆಯ ಮೇಲಿಟ್ಟು ಕೂತಿದ್ದಳು. ಕೆರೆಯಾಚೆ ಬಂಗಲೆಯ ಏಳು ಕಿಟಕಿ ಕಾಣುತ್ತಿದ್ದವು. ಎಣಿಸಿದಳು. ಕೊನೆಯದು ಯಾವುದು, ಅದರ ಪಕ್ಕದ್ದು ಯಾವುದು ಎಂದು ಈಗ ಗೊತ್ತಾಗುತ್ತಿತ್ತು.

"ಸಾಕು, ಉಂಡಿರ್ತಾರೆ" ಎಂದ ನರಸಿಂಹಯ್ಯ, ಒಂದಿಷ್ಟು ಹೊತ್ತಾದ ಮೇಲೆ. "ಅತ್ತಿಗೆ, ನೀವೇ ತೆಗೀರಿ."

ಅವಳು ಎದ್ದು ಮೂರು ಸಲ ಬಾಗಿಲು ತಟ್ಟಿದಳು. ಒಳಗಿರುವವರು ಎದ್ದು ಹೋಗಲಿ ಎಂದು ಹಾಗೆ ತಟ್ಟುವುದು. ತಟ್ಟಿ, ತುಸು ನಿಂತು, ದೂಡಿದಳು. ಧೂಪದ ಹೊಗೆ ಹೊರಕ್ಕೆ ಬಂತು. ದೀಪ ಉರಿಯುತ್ತಿತ್ತು. ಎಲೆಯ ಮೇಲೆ ಎಲ್ಲವೂ ಇಟ್ಟ ಹಾಗೇ ಇತ್ತು. ಬಗ್ಗಿ ಮುದ್ದೆಯ ಮೇಲೆ ಬೆರಳಿಟ್ಟು ನೋಡಿದಳು.

"ಆರೋಗೈತೆ" ಎಂದಳು. ಎಲೆ ಎತ್ತಲು ಸೆರಗು ಸಿಕ್ಕಿಸಿಕೊಂಡಳು.